ಅಕ್ಕನ ದನಿಗೊಂದು ಐದಿಂಚಿನ ತೂತು

ನಾನು ತಕ್ಕಡಿ ರಿಪೇರಿ ಮಾಡುವವನು. ಸಾಮಾನಿನಂಗಡಿಯ ತಟ್ಟೆ ತಕ್ಕಡಿಯಿಂದ ಹಿಡಿದು ಗೋದಾಮಿನಲ್ಲಿ ಮೂಟೆ ತೂಗುವ ಯಂತ್ರದವರೆಗೆ ಯಾವುದು ಕೈಕೊಟ್ಟರೂ ನಮ್ಮ ಪೇಟೆಯವರು ನನಗೇ ಹೇಳಿಕಳಿಸುತ್ತಾರೆ. ಮೂವತ್ತು ವರ್ಷದಿಂದ ನಾನು ಅವರಿಗೆ ಹೇಳಿಕೊಂಡು ಬಂದ ಮಾತು ಒಂದೇ. ತಕ್ಕಡಿಯನ್ನು ಬೈಯುವ ಮೊದಲು ನಿಮ್ಮ ತೂಕದ ಬಟ್ಟನ್ನು ನೋಡಿಕೊಳ್ಳಿ, ಬಟ್ಟು ಸವೆದಿದ್ದರೆ ಹತ್ತು ತಕ್ಕಡಿ ಬದಲಿಸಿದರೂ ಹತ್ತೂ ಸುಳ್ಳೇ ಹೇಳುತ್ತವೆ. ಇದನ್ನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸ್ವಲ್ಪ ತಡೆದು, ಭಾರಿ ಗತ್ತಿನಿಂದ ಹೇಳುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಅದೇ ಮಾತನ್ನು ಅಂಗೈ ಮೇಲೆ ಬರೆದುಕೊಂಡು ದಿನಕ್ಕೊಂದು ಸಲ ಓದಿಕೊಂಡಿದ್ದರೆ ನನ್ನ ಬದುಕಿನ ಹನ್ನೊಂದು ತಿಂಗಳು ಉಳಿಯುತ್ತಿತ್ತು.

ಮನೆಯಲ್ಲಿ ನಾವು ಮೂವರು: ನಾನು, ನನ್ನ ಹೆಂಡತಿ, ನನ್ನ ಅಕ್ಕ. ಮಿಕ್ಕ ಜಾಗದಲ್ಲಿ ನಾನು ಶುರುಮಾಡಿ ಮುಗಿಸದ ಕೆಲಸಗಳು ವಾಸವಾಗಿವೆ. ಮುಂದಿನ ಗೇಟಿನ ಒಂದು ಬಾಗಿಲು ಹಸಿರು, ಇನ್ನೊಂದು ತುಕ್ಕು. ಹಿಂದಿನ ಕೋಣೆಯಲ್ಲಿ ಮೂರು ಕಾಲಿನ ಸ್ಟೂಲಿದೆ. ಅದಕ್ಕೆ ನಾಲ್ಕು ಕಾಲು ಇರಬೇಕಿತ್ತು. ಬಚ್ಚಲಿನ ನಲ್ಲಿಯನ್ನು ನಾನು ಕೂರಿಸಿದಾಗಿನಿಂದ ತೆರೆಯುವ ಕಡೆಗೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ, ನೆಂಟರು ಬಂದಾಗ ಅದನ್ನು ಮೊದಲೇ ಹೇಳಿಕೊಡಬೇಕು. ಹೆಂಡತಿ ಬಟ್ಟೆ ಹೊಲಿಯುವವಳು. ಹೇಳಿದ ದಿನ ಹೇಳಿದ ಹೊತ್ತಿಗೆ ಹೊಲಿದು, ಇಸ್ತ್ರಿ ಹಾಕಿ, ಮಡಚಿ ಕೊಡುತ್ತಾಳೆ. ಇಂಥವಳು ಇಂಥವನಿಗೆ ಗಂಟುಬಿದ್ದದ್ದು ಹೇಗೆ ಅಂತ ಅವಳೂ ಆಗಾಗ ಕೇಳುತ್ತಾಳೆ. ನಾನು ಏನೋ ಸ್ಕ್ರೂ ಹುಡುಕುವವನ ಹಾಗೆ ಅಲ್ಲಿಂದ ಜಾರಿಕೊಳ್ಳುತ್ತೇನೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಒಂಬತ್ತು. ಅದೇ ವರ್ಷ ಅವಳಿಗೆ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು, ಹೋಗುವುದನ್ನು ಮೈಕಿನಲ್ಲಿ ಹೇಳುವ ಕೆಲಸ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ನಾನು ಒಂದನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಮನೆಪಾಠ ಬರೆಯುತ್ತಿದ್ದೆ. ಅಕ್ಕ ಗಾಜಿನ ಕೋಣೆಯೊಳಗಿದ್ದರೂ ದನಿ ನನ್ನ ತಲೆಯ ಮೇಲೇ ಇರುತ್ತಿತ್ತು. ರೈಲು ಎರಡು ಗಂಟೆ ತಡ ಅಂತ ಅವಳು ಹೇಳಿದರೆ ಜನ ಬೈಯುತ್ತಿರಲಿಲ್ಲ, ಎದ್ದು ಹೋಗಿ ಟೀ ಕುಡಿಯುತ್ತಿದ್ದರು. ಅಂಥ ದನಿ. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಒಮ್ಮೆ ರಿಪೇರಿಯವನು ಎರಡು ಸ್ಪೀಕರ್ ಬದಲಿಸಿ ಹೋದಾಗ, ಅವಳು ಜೊತೆಯವಳನ್ನು ಮೈಕಿನ ಮುಂದೆ ಕೂರಿಸಿ ತಾನು ಪ್ಲಾಟ್‌ಫಾರ್ಮಿನ ನಡುವೆ ನಿಂತು ಕೇಳಿ, ಅವನನ್ನು ಮನೆಯಿಂದ ಕರೆಸಿ ಮತ್ತೆ ಏಣಿ ಹತ್ತಿಸಿದ್ದಳು. ಮೂವತ್ತೇಳು ವರ್ಷ ಊರವರಿಗೆಲ್ಲ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ ಅಂತ ಹೇಳಿದವಳು ಮನೆಯಲ್ಲಿ ಮಾತ್ರ ಒಂದು ದಿನವೂ ಯಾರಿಗೂ ವಿಷಾದಿಸಿದ್ದಿಲ್ಲ. ನನ್ನನ್ನು ಕರೆಯುತ್ತಿದ್ದದ್ದು ಕತ್ತೆ ಎಂದು. ನನಗೆ ಐವತ್ತು ತುಂಬಿದ ಮೇಲೂ ಆ ಹೆಸರಿಗೆ ಬಡ್ತಿ ಸಿಗಲಿಲ್ಲ.

ನಿವೃತ್ತಿಯಾಗಿ ಆರನೇ ವರ್ಷಕ್ಕೆ ಅವಳ ಗಂಟಲಿನಲ್ಲಿ ಒಂದು ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೆ ಇರುವುದಿಲ್ಲ ಅಂದರು. ಮಾತಾಡಬಹುದು ಅಂತ ಡಾಕ್ಟರು ಹೇಳಿದ ದಿನ ಅಕ್ಕ ನಮ್ಮಿಬ್ಬರ ಮುಂದೆ ಬಾಯಿ ತೆರೆದು 'ನೀರು' ಎಂದಳು. ತಗಡಿನ ಮೇಲೆ ಇಟ್ಟಿಗೆ ಎಳೆದ ಹಾಗೆ ಬಂತು. ಅವಳು ತಕ್ಷಣ ನನ್ನ ಮುಖ ನೋಡಿದಳು. ನನ್ನ ಮುಖಕ್ಕೆ ಯಾವ ಗುಟ್ಟನ್ನೂ ಇಟ್ಟುಕೊಂಡು ಗೊತ್ತಿಲ್ಲ. ಹೆಂಡತಿಯ ಮುಖ ನೋಡಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ, ಅವಳು ಆಗಲೇ ಲೋಟಕ್ಕೆ ನೀರು ಹಾಕುತ್ತಿದ್ದಳು. ಅವತ್ತಿನಿಂದ ಅಕ್ಕನ ಬಾಯಿಗೆ ಬೀಗ ಬಿತ್ತು, ಕೈಗೆ ಒಂದು ನೋಟ್‌ಬುಕ್ಕು ಬಂತು. ಉಪ್ಪು ಕಡಿಮೆ, ಫ್ಯಾನು ಹಾಕು, ಗೇಟಿಗೆ ಬಣ್ಣ ಯಾವಾಗ, ಎಲ್ಲವೂ ಬರವಣಿಗೆಯಲ್ಲೇ.

ಮಾತಿನ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕಿವಿಮಾತು ಹೇಳಿದರು. ದಿನಾ ಅಷ್ಟಷ್ಟು ಮಾತಾಡಿದರೆ ಒರಟೋ ಮುರುಟೋ ಒಂದು ದನಿ ನಿಲ್ಲುತ್ತದೆ, ಹೀಗೇ ಸುಮ್ಮನಿದ್ದರೆ ಆಮೇಲೆ ಎಬ್ಬಿಸುವುದು ಕಷ್ಟ ಅಂತ. ಅಕ್ಕನಿಗೆ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅವಳ ನಿವೃತ್ತಿಯ ದಿನ ಸ್ಟೇಷನ್ನಿನವರು ಒಂದು ದಿನದ ಅವಳ ಘೋಷಣೆಗಳನ್ನು ಕ್ಯಾಸೆಟ್ಟಿಗೆ ಹಿಡಿದು ಕೊಟ್ಟಿದ್ದರು. ಅದನ್ನು ಕೇಳಿಸಿದರೆ ಹುರುಪು ಬರಬಹುದು ಅಂದುಕೊಂಡು ಅಡುಗೆಮನೆಯ ಪುಟ್ಟ ಟೇಪ್ ರೆಕಾರ್ಡರಿಗೆ ಹಾಕಿದೆ. ಅದು ಮೂಗಿನಲ್ಲಿ ಕೀಚ್ ಎಂದಿತು. ಅಕ್ಕ ಎದ್ದು ಬಂದು ಆರಿಸಿ, ನೋಟ್‌ಬುಕ್ಕಿನಲ್ಲಿ ಬರೆದಳು: "ಇದು ನಾನಲ್ಲ. ನನ್ನ ದನಿ ಹೇಗಿತ್ತೋ ಹಾಗೆ ಒಂದು ಸಲ ಕೇಳಿಸು. ಅದಕ್ಕೆ ಕೈ ಮುಗಿದು ಕಳಿಸಿಕೊಡ್ತೀನಿ. ಆಮೇಲೆ ಈ ಹಾಳು ದನಿಯಲ್ಲೇ ಮಾತಾಡ್ತೀನಿ."

ಇಷ್ಟೇ ತಾನೆ, ಒಂದು ತಿಂಗಳು ಕೊಡು ಅಂದೆ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದಳು.

ಸ್ಪೀಕರ್ ಕಟ್ಟುವುದು ನನ್ನ ಹಳೆಯ ಹುಚ್ಚು. ಎರಡು ಮರದ ಪೆಟ್ಟಿಗೆಗಳು ಹಿಂದಿನ ಕೋಣೆಯಲ್ಲಿ ಎಷ್ಟೋ ಕಾಲದಿಂದ ಅರ್ಧಕ್ಕೆ ನಿಂತಿದ್ದವು. ಒಂದೊಂದಕ್ಕೆ ಮೂರು ತೂತು. ಕೆಳಗಿನ ದೊಡ್ಡದರಲ್ಲಿ ಧಡ್ ಧಡ್ ಎನ್ನುವ ವೂಫರ್, ಮೇಲಿನ ಚಿಕ್ಕದರಲ್ಲಿ ಚಿಣ್ ಚಿಣ್ ಎನ್ನುವ ಟ್ವೀಟರ್. ಇವೆರಡೂ ಆಗಲೇ ಕೂತಿದ್ದವು. ಖಾಲಿಯಿದ್ದದ್ದು ನಡುವಿನ ಐದಿಂಚಿನ ತೂತು. ಮನುಷ್ಯರ ಮಾತೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬರಬೇಕು. ಅಂಗಡಿಯವರು ಅದನ್ನು ಮಿಡ್‌ರೇಂಜ್ ಡ್ರೈವರ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದರ ಹೆಸರು ನಡುವಿನದು. ಕಡಿಮೆ ರೇಟಿಗೆ ಒಳ್ಳೆ ಡ್ರೈವರ್ ಹುಡುಕುತ್ತಿದ್ದೇನೆ ಅಂತ ನಾನು ಬೀದಿಯಲ್ಲಿ ಹೇಳಿಕೊಂಡು ತಿರುಗಿದ್ದರಿಂದ, ಪಕ್ಕದ ಮನೆಯವರು ನಾವು ಕಾರು ತಗೊಂಡೆವು ಅಂದುಕೊಂಡು ಎರಡು ದಿನ ಹೊಟ್ಟೆ ಉರಿಸಿಕೊಂಡರಂತೆ.

ಮೊದಲನೆಯದನ್ನು ಒಂದು ಸತ್ತ ಟೀವಿಯಿಂದ ಬಿಚ್ಚಿ ಕೂರಿಸಿದೆ, ಸರಿಬರಲಿಲ್ಲ. ಎರಡನೆಯದನ್ನು ಪಾರ್ಟ್ಸ್ ಅಂಗಡಿಯಲ್ಲಿ ಕೊಂಡೆ. ಅಂಗಡಿಯವನಿಗೆ ನಾವಿಟ್ಟ ಹೆಸರು ಮೌನಿ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕಾಗದದ ಕೋನಿನ ಒಂದು ಮಾಮೂಲಿ ಸ್ಪೀಕರನ್ನು ಗಾಜಿನ ಮೇಲಿಟ್ಟು "ಮಾತು ಕೇಳೋಕೆ ಇದು ಸಾಕು" ಎಂದ. ಒಂದೇ ಸಲಕ್ಕೆ ನಾಲ್ಕು ಮಾತು ಖರ್ಚುಮಾಡಿದ ಅಂತ ನಾನು ಗೌರವದಿಂದ ತಂದೆ. ಪೆಟ್ಟಿಗೆಯ ತೂತಿನೊಳಗಿಂದ ಎರಡು ವೈರುಗಳು ಇಣುಕುತ್ತಿದ್ದವು, ಒಂದು ಕೆಂಪು, ಒಂದು ಕಪ್ಪು. ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಹಾಕಿದೆ. ಅಕ್ಕನನ್ನು ಹೆಂಡತಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ಹೊತ್ತು ನೋಡಿ ಕ್ಯಾಸೆಟ್ ಹಾಕಿದೆ. ದನಿ ಬಂತು, ಆದರೆ ಅಕ್ಕ ನನಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದ ಹಾಗೆ. ಹೊಟ್ಟೆಯೇ ಇಲ್ಲದ ದನಿ. ಸ್ಪೀಕರನ್ನು ಬಿಚ್ಚಿ ಕಪಾಟಿನಲ್ಲಿಟ್ಟು, ಮೌನಿಯನ್ನು ಮನಸ್ಸಿನಲ್ಲೇ ಬೈದೆ.

ಅಲ್ಲಿಂದ ಶುರುವಾಯಿತು ನನ್ನ ತಿರುಗಾಟ. ಮೂರನೆಯದು ಬೆನ್ನು ಮುಚ್ಚಿದ್ದು, ಡಬ್ಬಿಯ ಹಾಗೆ. ನಾಲ್ಕನೆಯದಕ್ಕೆ ಹಳದಿ ಬಣ್ಣದ ಹೆಣೆದ ಕೋನು, ಜೊತೆಗೆ ಒಂದು ಹಾಳೆಯಲ್ಲಿ ಗ್ರಾಫು. ಆ ಗ್ರಾಫಿನ ಗೆರೆ ಎಷ್ಟು ನೇರವಾಗಿತ್ತೆಂದರೆ ಅದನ್ನು ನಾನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ ಪೇಟೆಯ ಅಂಗಡಿಯವರಿಗೆಲ್ಲ ತೋರಿಸಿದೆ. ಅವರು ಪಾಪ, ತಮ್ಮ ತಕ್ಕಡಿಯ ಬಿಲ್ಲೇನೋ ಅಂತ ಹೆದರಿದರು. ಐದನೆಯದು ಕಾರಿನ ಬಾಗಿಲಿನದು. ಆರನೆಯದು ಬಾಗಿಲು ಹಾಕಿದ ಸಿನಿಮಾ ಟಾಕೀಸಿನದು, ಆರಿಂಚು. ಅದಕ್ಕಾಗಿ ತೂತನ್ನು ದೊಡ್ಡದು ಮಾಡಿದೆ. ಅದೂ ಗೋಡೆಗೇ ಮಾತಾಡಿದಾಗ, ದೊಡ್ಡದು ಮಾಡಿದ ತೂತನ್ನು ಮತ್ತೆ ಚಿಕ್ಕದು ಮಾಡಲು ಮರದ ಉಂಗುರ ಕಡೆಸಿದೆ. ಏಳನೆಯದನ್ನು ಅಂಚೆಯಲ್ಲಿ ತರಿಸಿದೆ, ಇಪ್ಪತ್ತಾರು ದಿನ ಕಾದೆ. ಇದರ ನಡುವೆ ಒಂದು ತಿಂಗಳು ಹನ್ನೊಂದಾಯಿತು. ಅಕ್ಕ ಒಂದು ಸಲವೂ ಆಯಿತಾ ಅಂತ ಬರೆದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಹಿಂದಿನ ಕೋಣೆಯಿಂದ ನಾನು ಕೈ ಒರೆಸಿಕೊಳ್ಳುತ್ತ ಬಂದಾಗಲೆಲ್ಲ ಅವಳು ನೋಟ್‌ಬುಕ್ಕಿನಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು, ಮತ್ತೆ ತಲೆ ಬಗ್ಗಿಸುತ್ತಿದ್ದಳು. ಹೇಳಿದೆನಲ್ಲ, ನನ್ನ ಮುಖಕ್ಕೆ ಗುಟ್ಟು ಗೊತ್ತಿಲ್ಲ.

ನಾನು ಶಿಸ್ತಿನ ಮನುಷ್ಯನೆಂದು ನನಗೇ ತೋರಿಸಿಕೊಳ್ಳಲು ಒಂದು ಪುಸ್ತಕದಲ್ಲಿ ಏಳೂ ಸ್ಪೀಕರುಗಳ ಗುಣದೋಷ ಬರೆದಿಟ್ಟಿದ್ದೆ. ಒಂದು ಭಾನುವಾರ ಹೆಂಡತಿ ಬಟ್ಟೆಯ ಅಳತೆಯ ಪುಸ್ತಕವೆಂದುಕೊಂಡು ಅದನ್ನು ತೆರೆದಳು. ಪುಟ ಮಗುಚಿದಳು, ಇನ್ನೊಂದು ಮಗುಚಿದಳು, ಹೊಲಿಗೆ ಯಂತ್ರದ ಮುಂದೆ ಕುಳಿತು ಪೂರ್ತಿ ಓದಿದಳು.

"ಅಲ್ಲರೀ, ಏಳಕ್ಕೂ ಒಂದೇ ಬರೆದಿದೀರಲ್ಲ," ಎಂದಳು. "ಗೋಡೆ ಕಡೆ ತಿರುಗಿ ಮಾತಾಡುತ್ತೆ, ಹೊಟ್ಟೆ ಇಲ್ಲ. ಏಳೂ ಜನ ಸೇರಿ ಒಂದೇ ಸುಳ್ಳು ಹೇಳ್ತಾರಾ?"

ಮೂವತ್ತು ವರ್ಷ ಪೇಟೆಯ ಅಂಗಡಿಯವರಿಗೆ ಪಾಠ ಹೇಳಿದ ಮಹಾನುಭಾವ ನಾನು, ಆ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಎಲ್ಲವೂ ಅಗ್ಗದ ಮಾಲು, ಅದಕ್ಕೇ ಹಾಗೆ, ಎಂಟನೆಯದೊಂದನ್ನು ನೋಡಿಟ್ಟಿದ್ದೇನೆ ಅಂದೆ. ಅವಳು ಪುಸ್ತಕ ಮುಚ್ಚಿದಳು. ಆಮೇಲಿನ ಮಾತನ್ನು ದನಿ ತಗ್ಗಿಸಿ ಹೇಳಿದ್ದರಿಂದ ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

"ನೀವು ಸ್ಪೀಕರ್ ಹುಡುಕ್ತಾ ಇಲ್ಲ. ಕೇಳಿಸಿದ ಮೇಲೂ ಅತ್ತಿಗೆ ಮಾತಾಡದೆ ಇದ್ದರೆ ಏನು ಮಾಡೋದು ಅಂತ ಹೆದರ್ಕೊಂಡಿದೀರಿ. ಇವತ್ತು ಸಂಜೆ ನಾಲ್ಕು ಗಂಟೆಗೆ ಕೇಳಿಸಿ. ಯಾವುದು ಕೂತಿದೆಯೋ ಅದರಲ್ಲೇ."

ಅವಳು ಹೇಳಿದ್ದು ನಿಜ. ಹುಡುಕುತ್ತಿರುವವರೆಗೆ ಅಕ್ಕ ಮುಂದೊಂದು ದಿನ ಮಾತಾಡುತ್ತಾಳೆ ಎಂಬ ಆಸೆ ಜೀವಂತವಾಗಿರುತ್ತಿತ್ತು. ಕೇಳಿಸಿ ಮುಗಿದರೆ, ಆಮೇಲೂ ಅವಳು ಪೆನ್ನೇ ಹಿಡಿದರೆ, ನನ್ನ ಬಳಿ ಇನ್ನೇನೂ ಉಳಿಯುತ್ತಿರಲಿಲ್ಲ. ತಲೆಯ ಮೇಲೆ ಆ ದನಿ ಇಟ್ಟುಕೊಂಡು ಬೆಳೆದವನು ನಾನು. ಅದಿಲ್ಲದ ಮನೆಯಲ್ಲಿ ಹನ್ನೊಂದು ತಿಂಗಳು ನನಗೆ ಎಷ್ಟು ಬೇಜಾರಾಗಿತ್ತೆಂದು ಯಾರಿಗೂ ಹೇಳದೆ, ಮೀನಮೇಷ ಎಣಿಸುತ್ತ, ಮರ ಕೊರೆಯುತ್ತ ಕುಳಿತಿದ್ದೆ.

ನಾಲ್ಕು ಗಂಟೆಗೆ ಪೆಟ್ಟಿಗೆಯನ್ನು ನಡುಮನೆಗೆ ತಂದೆ. ಒಂದೇ ಪೆಟ್ಟಿಗೆ, ಇನ್ನೊಂದು ಎಂದಿನಂತೆ ಮುಗಿದಿರಲಿಲ್ಲ. ಏಳನೆಯದು ಕೂತಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು, ಸ್ಟೇಷನ್ನಿಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಬಂದು ಕುರ್ಚಿಯಲ್ಲಿ ಕುಳಿತಳು. ಪೂರ್ತಿ ಸರಿಬಂದಿಲ್ಲ, ಅಗ್ಗದ್ದು, ಬೇಜಾರು ಮಾಡ್ಕೋಬೇಡ ಅಂತ ಏನೇನೋ ಪೀಠಿಕೆ ಹಾಕಿ ಬಟನ್ ಒತ್ತಿದೆ.

ಪ್ರಯಾಣಿಕರು ದಯವಿಟ್ಟು ಗಮನಿಸಿ, ಎಂದಿತು ಪೆಟ್ಟಿಗೆ. ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಾಗಿದ್ದ ಗಾಡಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರಲಿದೆ. ಅಕ್ಕನ ಹುಬ್ಬು ಗಂಟಾಯಿತು. ಎದ್ದಳು. ಪೆಟ್ಟಿಗೆಯ ಎಡಕ್ಕೆ ಹೋಗಿ ಕಿವಿಯಿಟ್ಟಳು, ಬಲಕ್ಕೆ ಬಂದಳು, ಬಗ್ಗಿ ವೂಫರಿನ ಹತ್ತಿರ ಕೇಳಿದಳು, ಕೋಣೆಯ ನಡುವೆ ಬಂದು ನಿಂತಳು. ನೋಟ್‌ಬುಕ್ಕು ಕುರ್ಚಿಯ ಮೇಲಿತ್ತು. ಅದರ ಕಡೆ ಕೈ ಚಾಚಿದಳು, ಅರ್ಧದಲ್ಲೇ ಬಿಟ್ಟಳು. ಬರೆಯುವಷ್ಟು ತಾಳ್ಮೆ ಉಳಿದಿರಲಿಲ್ಲ ಅಂತ ಕಾಣುತ್ತದೆ.

"ನಡುವಿನದಕ್ಕೆ ವೈರು ಉಲ್ಟಾ ಕೊಟ್ಟಿದೀಯ, ಕತ್ತೆ."

ಹೆಂಡತಿ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು. ತಗಡಿನ ಮೇಲಿನ ಅದೇ ಇಟ್ಟಿಗೆ, ಹನ್ನೊಂದು ತಿಂಗಳ ತುಕ್ಕು ಸೇರಿ ಇನ್ನೂ ಒರಟಾಗಿತ್ತು. ಆದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಇಂಥ ಗಳಿಗೆಯಲ್ಲಿ ಮನುಷ್ಯನಾದವನು ಏನು ಮಾಡಬೇಕು? ಅಕ್ಕನ ಕೈ ಹಿಡಿಯಬೇಕು, ಕಣ್ಣೊರೆಸಿಕೊಳ್ಳಬೇಕು. ನಾನು ವಾದಕ್ಕೆ ನಿಂತೆ. ಇಲ್ಲ ಅಕ್ಕ, ಕೆಂಪು ಪ್ಲಸ್ಸಿಗೇ ಇದೆ, ಏಳಕ್ಕೂ ಹಾಗೇ ಕೊಟ್ಟಿದ್ದು, ನಿನಗೆ ಗೊತ್ತಾಗಲ್ಲ ಅಂದೆ.

"ಮೂವತ್ತೇಳು ವರ್ಷ ಕೇಳಿದೀನಿ," ಎಂದಳು ಅಕ್ಕ. ಉಸಿರು ಎಳೆದುಕೊಂಡು ಮುಗಿಸಿದಳು, "ಬಿಚ್ಚು."

ಪೆಟ್ಟಿಗೆಯ ಹಿಂದಿನ ಹಲಗೆಗೆ ಹದಿನಾರು ಸ್ಕ್ರೂ. ನಡುವಿನದನ್ನು ಬದಲಿಸಿದ್ದೆಲ್ಲ ಮುಂದಿನ ತೂತಿನಿಂದಲೇ ಆದ್ದರಿಂದ ಇದನ್ನು ಕೂರಿಸಿದ ಮೇಲೆ ನಾನು ಒಮ್ಮೆಯೂ ತೆಗೆದಿರಲಿಲ್ಲ. ಹದಿನಾರನ್ನೂ ಬಿಚ್ಚಿ ಹಲಗೆ ಕೆಳಗಿಳಿಸಿದೆ. ಅದರ ಒಳಮೈ ಮೇಲೆ ಪೆನ್ಸಿಲ್ಲಿನಲ್ಲಿ, ನನ್ನದೇ ಕೈಬರಹದಲ್ಲಿ, ಹೀಗೆ ಬರೆದಿತ್ತು: ಕೆಂಪು ವೈರು ಸಾಲಲಿಲ್ಲ. ನಡುವಿನದಕ್ಕೆ ಒಳಗೆ ಅದಲುಬದಲು ಜೋಡಿಸಿದೆ, ಕಪ್ಪೇ ಪ್ಲಸ್. ಮರೆಯಬೇಡ. ಮರೆಯಬೇಡ ಎಂಬುದರ ಕೆಳಗೆ ಎರಡು ಗೆರೆ. ಮರೆಯಬಾರದೆಂದು ಬರೆದು, ಬರೆದದ್ದನ್ನು ಒಳಗಿಟ್ಟು, ಹದಿನಾರು ಸ್ಕ್ರೂ ಬಿಗಿದು ಭದ್ರವಾಗಿ ಮುಚ್ಚಿದ್ದೆ. ಹೆಂಡತಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಮೂರನೇ ಸಲ ಓದಲು ನಗು ಬಿಡಲಿಲ್ಲ.

ವೈರು ಉಲ್ಟಾ ಇದ್ದರೆ ಮಿಕ್ಕೆರಡು ಮುಂದೆ ತಳ್ಳುವಾಗ ನಡುವಿನದು ಹಿಂದೆ ಎಳೆದು ದನಿಯ ಹೊಟ್ಟೆಯನ್ನೇ ತಿಂದುಹಾಕುತ್ತದೆ; ತಿರುಗಿಸಿ ಹಾಕಿದೆ. ಈ ಸಲ ಅಕ್ಕ ಗೋಡೆಯ ಕಡೆಯಿಂದ ನಮ್ಮ ಕಡೆ ತಿರುಗಿದಳು. ಬೇರೆ ಹೇಗೆ ಹೇಳಲಿ ಗೊತ್ತಿಲ್ಲ. ಒಂದನೇ ಪ್ಲಾಟ್‌ಫಾರ್ಮಿನ ಬೆಂಚು, ಮಡಿಲಲ್ಲಿ ಮನೆಪಾಠದ ಪುಸ್ತಕ, ತಲೆಯ ಮೇಲೆ ಆ ದನಿ. ಐವತ್ತೆರಡು ವರ್ಷದ ಕತ್ತೆ ಸ್ಕ್ರೂಡ್ರೈವರ್ ಹಿಡಿದುಕೊಂಡು ಅತ್ತಿತು. ಅಕ್ಕ ಕಣ್ಣು ಮುಚ್ಚಿಕೊಂಡು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಕೇಳಿದಳು. ಕೊನೆಯ ಅನಾನುಕೂಲಕ್ಕೆ ವಿಷಾದಿಸಿ ಟೇಪು ನಿಂತಾಗ, ಬರೆದುಕೊಟ್ಟಿದ್ದ ಮಾತಿನಂತೆ ಪೆಟ್ಟಿಗೆಗೆ ಕೈ ಮುಗಿದಳು.

ಮುಂದಿನ ವಾರ ನಾನು ಏಳನ್ನೂ ಸರಿಯಾದ ವೈರಿನಲ್ಲಿ ಮತ್ತೆ ಕೂರಿಸಿ ಕೇಳಿದೆ. ಏಳೂ ನಿರಪರಾಧಿಗಳು. ಈಗ ಪೆಟ್ಟಿಗೆಯಲ್ಲಿ ಇರುವುದು ಮೌನಿ ಕೊಟ್ಟ ಎರಡನೆಯದು, ಕಾಸು ಕೊಟ್ಟು ಕೊಂಡದ್ದರಲ್ಲೆಲ್ಲ ಅಗ್ಗದ್ದು. ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಅವನು ಪೂರ್ತಿ ಕೇಳಿಸಿಕೊಂಡು "ಹೂಂ" ಎಂದ.

ಆದರೆ ಅಕ್ಕ ಕೈ ಮುಗಿದ ಆ ಭಾನುವಾರದ ಸಂಜೆಯೇ ನಾನು ಸುಮ್ಮನಿದ್ದೆನೇ? ಹುಚ್ಚು ಅಷ್ಟು ಬೇಗ ಬಿಡುವುದಿಲ್ಲ. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದು, ಕೇಳಿ, ಅರ್ಧ ಗೇಣು ಹಿಂದೆ ತಳ್ಳಿ, ಈಗ ಇನ್ನೂ ಚೆನ್ನಾಗಿದೆ ಕೇಳು ಅಕ್ಕ ಅಂತ ಗಲಾಟೆ ಹಚ್ಚಿದೆ. ಅಕ್ಕ ಹೆಂಡತಿಯ ಪಕ್ಕ ಕುಳಿತು, ಸ್ಟೇಷನ್ನಿನ ಆ ರಿಪೇರಿಯವನನ್ನು ಎರಡನೇ ಸಲ ಏಣಿ ಹತ್ತಿಸಿದ ಕಥೆ ಹೇಳತೊಡಗಿದ್ದಳು. ಅವನೂ ಎರಡರಲ್ಲಿ ಒಂದಕ್ಕೆ ವೈರು ಉಲ್ಟಾ ಕೊಟ್ಟಿದ್ದನಂತೆ, ಅವನೂ ಇಲ್ಲ ಅಂತ ವಾದ ಮಾಡಿದ್ದನಂತೆ. ಎರಡು ಮಾತಿಗೊಮ್ಮೆ ನಿಲ್ಲಿಸಿ, ನೀರು ಕುಡಿದು, ಕೆರೆಯುವ ದನಿಯಲ್ಲಿ ಹೇಳುತ್ತಿದ್ದಳು. ಪೆಟ್ಟಿಗೆಯೊಳಗಿನ ಅಕ್ಕ ಜೇನಿನಂಥ ದನಿಯಲ್ಲಿ ಅಡ್ಡಬಾಯಿ ಹಾಕುತ್ತಲೇ ಇದ್ದಳು. ಹೆಂಡತಿ ಕಥೆ ಸರಿಯಾಗಿ ಕೇಳಿಸದೆ ಮುಂದಕ್ಕೆ ಬಗ್ಗಿದಳು. ಅಕ್ಕ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅದನ್ನ ಆರಿಸು," ಎಂದಳು. "ನಾನು ಮಾತಾಡ್ತಾ ಇದೀನಿ."

ಆರಿಸಿದೆ. ಅವಳು ಏಣಿಯ ಕಥೆಯನ್ನು ಮೊದಲಿನಿಂದ ಶುರುಮಾಡಿದಳು.